ಅನ್ನದ ಪಕ್ಕದ ಬಾಳೆಹಣ್ಣು ಮತ್ತು ಅರ್ಧ ಪಾಲಿನ ಪೌರತ್ವ

ನಾನು ಕೆಲಸದ ನಿಮಿತ್ತ ನೆಲೆಸಿರುವ ಅಮೆರಿಕದ ಕೊಲಂಬಸ್ ನಗರದಲ್ಲಿ ಸೋಮಾಲಿಯಾದಿಂದ ಬಂದವರ ದೊಡ್ಡ ಸಮುದಾಯವಿದೆ. ಕಳೆದ ಚಳಿಗಾಲದ ಒಂದು ಮಧ್ಯಾಹ್ನ ಆ ದೇಶದವರೇ ಆದ ನನ್ನ ಸಹೋದ್ಯೋಗಿಯೊಬ್ಬರು ತಮ್ಮ ಕಡೆಯ ಊಟದ ಹೋಟೆಲಿಗೆ ನನ್ನನ್ನು ಕರೆದುಕೊಂಡು ಹೋಗಿದ್ದರು. ಮಸಾಲೆ ಹಾಕಿದ ಅನ್ನ, ಮೇಕೆ ಮಾಂಸ, ತಟ್ಟೆಯ ಅಂಚಿನಲ್ಲಿ ಒಂದು ಬಾಳೆಹಣ್ಣು. ಹಣ್ಣನ್ನು ಊಟವಾದ ಮೇಲೆ ತಿನ್ನಲು ನಾನು ಎತ್ತಿಟ್ಟಾಗ, ಅದನ್ನು ಅನ್ನದ ತುತ್ತಿನ ಜೊತೆಗೇ ತಿನ್ನಬೇಕೆಂದು ಅವರು ತೋರಿಸಿಕೊಟ್ಟರು. ಅಷ್ಟರಲ್ಲಿ ಪಕ್ಕದ ಮೇಜಿನ ಹಿರಿಯರೊಬ್ಬರು ಅವರನ್ನು ಮಾತಿಗೆಳೆದರು. ನನ್ನ ಗೆಳೆಯರು 'ಅದೇರ್' ಎಂದು, ಅಂದರೆ ಚಿಕ್ಕಪ್ಪನನ್ನು ಕರೆಯುವ ಗೌರವದಿಂದ, ತಮ್ಮದು ಜಿಲಿಬ್ ಊರು ಎಂದರು. ಹಿರಿಯರು ಮತ್ತೊಮ್ಮೆ ಏನನ್ನೋ ಕೇಳಿದರು. ಗೆಳೆಯರು ಉತ್ತರಿಸದೆ ತಟ್ಟೆಯ ಕಡೆ ನೋಡುತ್ತ ಉಳಿದರು. ಹಿರಿಯರು ಕೇಳಿದ್ದು ಊರನ್ನಲ್ಲ, ಯಾರ ವಂಶ ಎಂಬುದನ್ನು ಎಂದು ಹೊರಗೆ ಬಂದ ಮೇಲೆ ನನಗೆ ತಿಳಿಯಿತು.

ಮಾತು ಸಾಗುತ್ತಿರುವಾಗಲೇ 'ನೀವು ಯಾವ ಜನ?' ಎಂದು ಕೇಳಿಸಿಕೊಂಡು ಬೆಳೆದ ಕನ್ನಡಿಗರಿಗೆ ಆ ಪ್ರಶ್ನೆಯ ಭಾರವನ್ನು ವಿವರಿಸಬೇಕಾಗಿಲ್ಲ. ಸೋಮಾಲಿಗಳಲ್ಲಿ ಅದಕ್ಕೊಂದು ವಿಶೇಷ ರೂಪವಿದೆ. ತಂದೆ, ಅಜ್ಜ, ಮುತ್ತಜ್ಜ ಎಂದು ಮೂಲಪುರುಷನವರೆಗೆ ಹೆಸರುಗಳನ್ನು ಬಾಯಿಪಾಠ ಹೇಳುವುದನ್ನು 'ಅಬ್ತಿರ್ಸಿನ್ಯೊ' ಎನ್ನುತ್ತಾರೆ, ಮಕ್ಕಳಿಗೆ ಅದನ್ನು ಎಳವೆಯಲ್ಲೇ ಕಲಿಸುತ್ತಾರೆ. ಅಪರಿಚಿತರಿಬ್ಬರು ಎದುರಾದಾಗ ಈ ಸರಪಳಿ ಎಲ್ಲಿ ಕೂಡುತ್ತದೆ ಎಂಬುದರ ಮೇಲೆ ನಂಟು, ರಕ್ಷಣೆ, ನ್ಯಾಯ ಎಲ್ಲವೂ ನಿಂತಿರುತ್ತವೆ. ಹಾಗಾದರೆ ಆ ಸರಪಳಿಯನ್ನು ಯಾರೋ ಬಲವಂತವಾಗಿ ಕಡಿದುಹಾಕಿದ್ದರೆ ಆ ಮನುಷ್ಯ ಏನನ್ನು ಹೇಳಬೇಕು?

ನನ್ನ ಗೆಳೆಯರ ಪೂರ್ವಿಕರ ಪಾಡು ಅದೇ. 19ನೇ ಶತಮಾನದಲ್ಲಿ ಜಾಂಜಿಬಾರ್ ಸುಲ್ತಾನರ ಕಾಲದ ಗುಲಾಮ ವ್ಯಾಪಾರವು ಇಂದಿನ ತಾಂಜಾನಿಯಾ, ಮಲಾವಿ, ಮೊಜಾಂಬಿಕ್ ಪ್ರದೇಶಗಳ ಯಾವೊ, ಮಕುವಾ, ಜಿಗುವಾ ಮೊದಲಾದ ಜನರನ್ನು ಹಿಡಿದು ತಂದು ಶೆಬೆಲ್ಲೆ ನದಿ ಕಣಿವೆಯ ಹೊಲಗಳಲ್ಲಿ ದುಡಿಸಿತು. ತಪ್ಪಿಸಿಕೊಂಡವರು ಜುಬ್ಬಾ ನದಿಯ ದಡದ ಗೋಶಾ ಕಾಡನ್ನು ಕಡಿದು ಊರು ಕಟ್ಟಿದರು. ಸಂಘರ್ಷದಿಂದ ಪಾರಾಗಲು ಅನೇಕರು ಬಲಿಷ್ಠ ಕುಲವೊಂದರ ಆಶ್ರಯ ಪಡೆದು ಅದರ ವಂಶಾವಳಿಯನ್ನೇ ತಮ್ಮದೆಂದು ಹೇಳಿಕೊಂಡರು. ಈ ಪದ್ಧತಿಗೆ 'ಶೇಗಾದ್' ಎಂಬ ಹೆಸರಿದೆ. ಆದರೂ 'ಜರೀರ್', ಅಂದರೆ ಗುಂಗುರು ಕೂದಲಿನವರು ಎಂಬ ಹಣೆಪಟ್ಟಿ ಕಳಚಲಿಲ್ಲ, ಸಿಟ್ಟು ಬಂದಾಗ 'ಅಡೋನ್', ಗುಲಾಮ, ಎಂಬ ಬೈಗುಳವೂ ನಿಲ್ಲಲಿಲ್ಲ. ಜಗತ್ತು ಇಂದು ಅವರನ್ನು ಕರೆಯುವ 'ಸೋಮಾಲಿ ಬಾಂಟು' ಎಂಬ ಹೆಸರು ರೂಢಿಗೆ ಬಂದದ್ದೇ 1990ರ ದಶಕದಲ್ಲಿ, ನೆರವು ಸಂಸ್ಥೆಗಳ ಬಳಕೆಯಿಂದ.

ನಮ್ಮ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳಗಳ ಸಿದ್ದಿ ಜನರನ್ನೂ ಪೂರ್ವ ಆಫ್ರಿಕದಿಂದ ಹೊತ್ತು ತಂದದ್ದು ಇದೇ ಹಿಂದೂ ಮಹಾಸಾಗರದ ಗುಲಾಮ ವ್ಯಾಪಾರ ಎಂಬುದನ್ನು ಇಲ್ಲಿ ನೆನೆಯದೆ ಇರಲಾರೆ.

ಸೋಮಾಲಿಯಾವನ್ನು ಒಂದೇ ಜನ, ಒಂದೇ ಭಾಷೆ, ಒಂದೇ ಧರ್ಮದ ದೇಶವೆಂದು ವರ್ಣಿಸುವುದು ರೂಢಿ. ಈ ವರ್ಣನೆಯೇ ಅನ್ಯಾಯದ ಬೇರು ಎಂದು ನಾನು ನಂಬುತ್ತೇನೆ. ಬರಾವಾ ಪಟ್ಟಣದ ಜನ ಸ್ವಾಹಿಲಿಗೆ ಸೇರಿದ ಚಿಮಿನಿ ನುಡಿಯನ್ನಾಡುತ್ತಾರೆ. ಕಿಸ್ಮಾಯೊ ಆಚೆಯ ದ್ವೀಪಗಳ ಮೀನುಗಾರ ಬಜುನಿಗಳಿಗೆ ತಮ್ಮದೇ ಮಾತಿದೆ. ರಾಜಧಾನಿ ಮೊಗಾದಿಶುವಿನ ಹಳೆಯ ಕೇರಿಗಳಾದ ಹಮರ್ ವೇನ್, ಶಂಗಾನಿಗಳನ್ನು ಕಟ್ಟಿ ಬೆಳೆಸಿದ ಬೆನಾದಿರಿ ವರ್ತಕರು ಶತಮಾನಗಳಿಂದ ಅಲ್ಲಿಯವರೇ. 13ನೇ ಶತಮಾನದ ಫಖ್ರುದ್ದೀನ್ ಮಸೀದಿ ಇಂದಿಗೂ ಅಲ್ಲಿ ನಿಂತಿದೆ. ಇನ್ನು ಕಮ್ಮಾರಿಕೆಯ ತುಮಾಲ್, ಚರ್ಮದ ಕೆಲಸದ ಮದಿಬಾನ್ ಮತ್ತು ಯಿಬಿರ್ ಜನ ರೂಪದಲ್ಲಾಗಲಿ ಭಾಷೆಯಲ್ಲಾಗಲಿ ಧರ್ಮದಲ್ಲಾಗಲಿ ಉಳಿದ ಸೋಮಾಲಿಗಳಿಗಿಂತ ಬೇರೆಯಲ್ಲ. ಆದರೂ ಕುಲೀನರು ಅವರೊಡನೆ ಹೆಣ್ಣು-ಗಂಡಿನ ಸಂಬಂಧ ಬೆಳೆಸುವುದಿಲ್ಲ. 2018ರಲ್ಲಿ ಮೊಗಾದಿಶುವಿನಲ್ಲಿ ಬಾಂಟು ಯುವಕನೊಬ್ಬ ಬಲಿಷ್ಠ ಕುಲದ ಹೆಣ್ಣನ್ನು ಮದುವೆಯಾದ ಕಾರಣಕ್ಕೆ ಅವನ ಬಂಧುವಾದ ಹಿರಿಯರೊಬ್ಬರನ್ನು ಕೊಂದು ಸುಟ್ಟರು. ಮರ್ಯಾದೆಯ ಹೆಸರಿನ ಹತ್ಯೆಗಳ ಸುದ್ದಿ ಓದಿರುವ ನಮಗೆ ಇದು ದೂರದ ಸಂಗತಿಯಂತೆ ಕೇಳಿಸಬಾರದು.

1991ರಲ್ಲಿ ಸಿಯಾದ್ ಬರ್ರೆ ಸರ್ಕಾರ ಉರುಳಿದಾಗ ಕೋವಿ ಹಿಡಿದ ಕುಲಗಳ ನಡುವೆ ಕೋವಿಯಿಲ್ಲದ ಈ ಸಮುದಾಯಗಳು ಸಿಕ್ಕಿಬಿದ್ದವು. ಬೆನಾದಿರಿಗಳ ಮನೆಗಳನ್ನು ಲೂಟಿ ಮಾಡಿದರು, ಜುಬ್ಬಾ ದಡದ ರೈತರ ಧಾನ್ಯದ ಕಣಜಗಳನ್ನು ಬರಿದು ಮಾಡಿದರು. ರಾಜ್ಯವನ್ನು ಮತ್ತೆ ಕಟ್ಟುವ ಸಲುವಾಗಿ 2000ದಲ್ಲಿ ಜಿಬೂತಿಯ ಅರ್ತಾದಲ್ಲಿ ಸಭೆ ಸೇರಿದ ಮುಖಂಡರು ಅಧಿಕಾರ ಹಂಚಿಕೆಗೆ ನಾಲ್ಕೂವರೆಯ ಸೂತ್ರವನ್ನು ಒಪ್ಪಿಕೊಂಡರು. ದಾರೋದ್, ಹವಿಯೆ, ದಿರ್, ರಹನ್‌ವೇನ್ ಎಂಬ ನಾಲ್ಕು ದೊಡ್ಡ ಕುಲಗಳಿಗೆ ಒಂದೊಂದು ಪಾಲು, ಮಿಕ್ಕವರೆಲ್ಲರಿಗೂ ಸೇರಿ ಅರ್ಧ ಪಾಲು. ಮುಂದೆ ರಚನೆಯಾದ 275 ಸ್ಥಾನಗಳ ಕೆಳಮನೆಯಲ್ಲಿ ಪ್ರತಿ ಕುಲಕ್ಕೆ 61, ಉಳಿದ ಎಲ್ಲ ಸಮುದಾಯಗಳಿಗೆ ಒಟ್ಟು 31. ಯುದ್ಧದ ಬೇಗೆಯಲ್ಲಿ ಹೇಗಾದರೂ ಒಪ್ಪಂದವಾಗಬೇಕಿತ್ತು ಎಂಬ ಸಮರ್ಥನೆಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕುಲವೆಂಬ ಏಣಿಯ ಆಧಾರದ ಮೇಲೆಯೇ ದೇಶವನ್ನು ಹಂಚಿದರೆ ಆ ಏಣಿಯಲ್ಲಿ ಮೆಟ್ಟಿಲೇ ಇಲ್ಲದವರು ಸದಾ ಬೇರೆಯವರ ಕೃಪೆಯಲ್ಲೇ ಇರಬೇಕಾಗುತ್ತದೆ. 2012ರ ತಾತ್ಕಾಲಿಕ ಸಂವಿಧಾನ ಕುಲ, ವೃತ್ತಿ, ಹುಟ್ಟು ಯಾವುದರ ಮೇಲೂ ಭೇದ ಮಾಡಬಾರದು ಎನ್ನುತ್ತದೆ. ಅದೇ ಸಂವಿಧಾನದಡಿಯಲ್ಲಿ ಅರ್ಧ ಪಾಲಿನ ಲೆಕ್ಕವೂ ನಡೆದುಕೊಂಡು ಬಂದಿದೆ. ಒಬ್ಬರಿಗೆ ಒಂದು ಮತ ಎಂಬ ಪದ್ಧತಿಯತ್ತ ಸಾಗಲು ಸಂಸತ್ತು 2024ರಲ್ಲಿ ಸಂವಿಧಾನ ತಿದ್ದುಪಡಿಗೆ ಒಪ್ಪಿಗೆ ಕೊಟ್ಟಿರುವುದು ಸರಿಯಾದ ಹೆಜ್ಜೆ ಎಂದೇ ನನ್ನ ಅಭಿಪ್ರಾಯ.

ಆದರೆ ಮತದಷ್ಟೇ ಮುಖ್ಯವಾದದ್ದು ನೆಲ. ಇಟಲಿಯ ವಸಾಹತು ಆಡಳಿತವು ಶೆಬೆಲ್ಲೆ ಕಣಿವೆಯಲ್ಲಿ ಬಾಳೆ, ಹತ್ತಿಯ ತೋಟಗಳನ್ನು ಎಬ್ಬಿಸಿದಾಗ ಬಿಟ್ಟಿ ದುಡಿತಕ್ಕೆ ಬಲವಂತವಾಗಿ ಎಳೆತಂದದ್ದು ಹೆಚ್ಚಾಗಿ ಈ ಜರೀರ್ ರೈತರನ್ನೇ. ಸ್ವಾತಂತ್ರ್ಯದ ನಂತರ, 1975ರ ಭೂಕಾನೂನು ಎಲ್ಲ ಜಮೀನನ್ನೂ ಸರ್ಕಾರದ್ದೆಂದು ಘೋಷಿಸಿ ನೋಂದಣಿ ಮಾಡಿಸಿದವರಿಗೆ ಮಾತ್ರ ಹಕ್ಕು ಕೊಟ್ಟಾಗ, ಕಚೇರಿಯ ದಾರಿ ತಿಳಿದಿದ್ದ ಹೊರಗಿನವರು ತಲೆಮಾರುಗಳಿಂದ ಉಳುತ್ತಿದ್ದ ರೈತರ ಹೊಲಗಳನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡರು. ಉಳುವವನೇ ಹೊಲದೊಡೆಯ ಎಂಬ ಮಾತು ಕರ್ನಾಟಕದಲ್ಲಿ ಮೊಳಗುತ್ತಿದ್ದ ವರ್ಷಗಳಲ್ಲೇ ಅಲ್ಲಿ ಉಳುವವನ ಕೈಯಿಂದ ಹೊಲ ಜಾರುತ್ತಿತ್ತು. ಇಂದು ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಸೋಮಾಲಿಗಳು ಅನ್ನದ ಪಕ್ಕದಲ್ಲಿ ಇಟ್ಟುಕೊಂಡು ತಮ್ಮ ನಾಡನ್ನು ನೆನೆಯುವ ಆ ಬಾಳೆಹಣ್ಣನ್ನು ಬೆಳೆದ ಕೈಗಳು ಯಾರವು ಎಂಬುದನ್ನು ರಾಷ್ಟ್ರೀಯತೆಯ ಪಾಠದಲ್ಲಿ ಹೇಳಬೇಕು ಎಂದು ನಾನು ಒತ್ತಿ ಹೇಳುತ್ತೇನೆ. ಸೋಮಾಲಿತನವನ್ನು ತಂದೆಯ ಸರಪಳಿಯಿಂದ ಅಳೆಯುವ ಬದಲು ಆ ನೆಲದಲ್ಲಿ ಬಿದ್ದ ಬೆವರಿನಿಂದ ಅಳೆದಿದ್ದರೆ ಆ ದಿನ ನನ್ನ ಗೆಳೆಯರು ತಲೆ ತಗ್ಗಿಸಬೇಕಾಗಿರಲಿಲ್ಲ.

ಅಮೆರಿಕ 1999ರಲ್ಲಿ ಆರಿಸಿಕೊಂಡ ಸುಮಾರು 12,000 ಬಾಂಟು ನಿರಾಶ್ರಿತರ ಪೈಕಿ ಅವರ ಕುಟುಂಬವೂ ಒಂದು. ಕೀನ್ಯಾದ ದದಾಬ್ ಮತ್ತು ಕಕುಮಾ ಶಿಬಿರಗಳಲ್ಲಿ ಅವರ ಬಾಲ್ಯ ಕಳೆಯಿತು. ಹೋಟೆಲಿನಿಂದ ಹಿಂದಿರುಗುವಾಗ ಕಾರಿನಲ್ಲಿ ಅವರು ತಮ್ಮ ತಂದೆಯ ಜಮೀನಿನ ಬಗ್ಗೆ ಹೇಳಿದರು. ಜುಬ್ಬಾ ಉಕ್ಕಿ ಇಳಿದ ಮೇಲೆ ತಗ್ಗಿನಲ್ಲಿ ನಿಲ್ಲುವ ನೀರಿನ ತೇವದಲ್ಲಿ ಜೋಳ ಮತ್ತು ಎಳ್ಳು ಬೆಳೆಯುತ್ತಿದ್ದರಂತೆ. ಅಂಥ ತಗ್ಗಿಗೆ 'ದಶೇಗ್' ಎನ್ನುತ್ತಾರೆ. ತಂದೆ ತೀರಿಕೊಂಡಿದ್ದಾರೆ, ಗಡಿಯ ಗುರುತಿಗೆ ಇದ್ದ ಮಾವಿನ ಮರ ಇನ್ನೂ ಇರಬಹುದು ಎಂದರು. ಹಿಂದಿರುಗಿ ಹೋಗುವ ಮನಸ್ಸಿದೆಯೇ ಎಂದು ನಾನು ಕೇಳಿದೆ. ಆ ತಗ್ಗಿನ ಕಾಗದ ತಂದೆಯ ಹೆಸರಿನಲ್ಲಿ ಆದ ದಿನ ಹೊರಡುತ್ತೇನೆ ಎಂದರು.