ಬ್ಯಾಸರಕ್ಕೊಂದು ಸೂಜಿ

ಗೋಳಗುಮ್ಮಟದ ಗ್ಯಾಲರಿಯಲ್ಲಿ ಒಮ್ಮೆ ಕೂಗಿದರೆ ಏಳು ಸಲ ಮರುದನಿ ಅನ್ನುತ್ತಾರೆ. ವಿಜಯಪುರದ ಜಿಮ್ಮುಗಳಲ್ಲಿ ಕೂಗುವ ಶ್ರಮವೂ ಬೇಡ. "ಯಾಕೋ ಮನಸ್ಸಿಗೆ ಸಮಾಧಾನಿಲ್ಲ" ಎಂದು ಗೊಣಗಿದರೆ ಸಾಕು, ಏಳೂ ಬಾಯಿಂದ ಒಂದೇ ಉತ್ತರ: "ನಿನಗ ಟಿ ಕಡಿಮಿ ಆಗೇತಿ ತಮ್ಮಾ!"

ಟಿ ಎಂದರೆ ಚಹಾ ಎಂದುಕೊಂಡವರು ಪುಣ್ಯವಂತರು. ಇದು ಟೆಸ್ಟೊಸ್ಟೆರಾನ್, ವೃಷಣದಲ್ಲಿ ಹುಟ್ಟುವ ಗಂಡು ಹಾರ್ಮೋನು. ದ್ರಾಕ್ಷಿಗೆ ರೇಟು ಬಿದ್ದರೂ ಟಿ ಕಡಿಮೆ, ಹೆಂಡತಿ ತವರಿಗೆ ಹೋದರೂ ಟಿ ಕಡಿಮೆ, ಬೆಂಚ್ ಪ್ರೆಸ್ಸಿನಲ್ಲಿ 80 ಕೆಜಿ ಏಳದಿದ್ದರಂತೂ ಕೇಳುವುದೇ ಬೇಡ.

ಈ ಪರಂಪರೆ ಹಳೆಯದು. 1889ರಲ್ಲಿ ಪ್ಯಾರಿಸ್‌ನಲ್ಲಿ ಬ್ರೌನ್ ಸೆಕಾರ್ ಎಂಬ 72ರ ವಿಜ್ಞಾನಿ ನಾಯಿ ಮತ್ತು ಗಿನಿಯಿಲಿಯ ವೃಷಣ ಅರೆದ ರಸ ಚುಚ್ಚಿಕೊಂಡು, ತಾರುಣ್ಯ ಮರಳಿತೆಂದು ಸಭೆಯಲ್ಲೇ ಸಾರಿದ. ಟೆಸ್ಟೊಸ್ಟೆರಾನ್ ನೀರಿನಲ್ಲಿ ಹೆಚ್ಚು ಕರಗುವುದಿಲ್ಲ. ಹಾಗಾಗಿ ಆ ನೀರುರಸದಲ್ಲಿ ಹಾರ್ಮೋನು ಇದ್ದದ್ದೇ ಹೆಸರಿಗೆ ಮಾತ್ರ. ಉಳಿದದ್ದೆಲ್ಲ ಹುಮ್ಮಸ್ಸು. ನಮ್ಮ ಕೋಚ್ ಸಾಹೇಬರು ಅವನ ನೇರ ವಾರಸುದಾರರು.

ಆದರೆ ರಕ್ತದ ರಿಪೋರ್ಟ್ ಇಲ್ಲದೆ ಟೆಸ್ಟೊಸ್ಟೆರಾನ್ ಸೂಜಿ ಹಾಕಿದರೆ ಚಂದ ಕಾಣುವುದಿಲ್ಲವಲ್ಲ. ಆದ್ದರಿಂದ ರಿಪೋರ್ಟ್ ಕಡಿಮೆ ಬರುವಂತೆ ಮಾಡಬೇಕು. ಅದಕ್ಕೂ ವಿಧಾನವಿದೆ. ರಾತ್ರಿ ಒಂದು ಗಂಟೆಯವರೆಗೆ ಮೊಬೈಲ್ ತಿಕ್ಕಿ ಬೆಳಿಗ್ಗೆ ಆರಕ್ಕೆ ಜಿಮ್ ಬಾಗಿಲು ಬಡಿಯಿರಿ. ದಿನಕ್ಕೆ ಐದೇ ತಾಸು ನಿದ್ದೆ ಮಾಡಿದರೆ ಒಂದು ವಾರದಲ್ಲಿ ಗಟ್ಟಿಮುಟ್ಟಾದ ಹುಡುಗರಲ್ಲೂ ಹಗಲಿನ ಟೆಸ್ಟೊಸ್ಟೆರಾನ್ ನೂರಕ್ಕೆ 10ರಿಂದ 15ರಷ್ಟು ಇಳಿಯುತ್ತದೆಂದು 2011ರ ಅಧ್ಯಯನವೊಂದು ತೋರಿಸಿದೆ. ರೊಟ್ಟಿ ಬಿಟ್ಟು, ಎಣ್ಣೆ ಬಿಟ್ಟು, ಬರೀ ಮೊಟ್ಟೆಯ ಬಿಳಿ ತಿನ್ನಿ. ವಾರಕ್ಕೆ ಆರು ದಿನ ಡೆಡ್‌ಲಿಫ್ಟ್ ಮಾಡಿ, ಪ್ರತಿ ಸೆಟ್ಟೂ ಕೈ ಬಿಟ್ಟುಹೋಗುವವರೆಗೆ. ಕೊನೆಗೆ ಸಂಜೆ ಐದಕ್ಕೆ, ಹೊಟ್ಟೆ ತುಂಬ ಉಂಡು, ಲ್ಯಾಬಿಗೆ ಹೋಗಿ ರಕ್ತ ಕೊಡಿ. ಜ್ವರ ಇದ್ದರೆ ಇನ್ನೂ ಉತ್ತಮ. ಒಂದೇ ಸಲ ಪರೀಕ್ಷೆ ಮಾಡಿಸಿ. ಎರಡನೇ ಸಲ ಮಾಡಿಸಿದರೆ ಸರಿಯಾಗಿ ಬಂದುಬಿಡುವ ಅಪಾಯವಿದೆ.

ರಿಪೋರ್ಟಿನಲ್ಲಿ ಡೆಸಿಲೀಟರಿಗೆ 340 ನ್ಯಾನೊಗ್ರಾಂ ಬರುತ್ತದೆ. "900 ಇದ್ದವನು ಹುಲಿ. ಇದು ಕುರಿ ರಿಪೋರ್ಟ್," ಎನ್ನುತ್ತಾರೆ ಕೋಚ್.

ಡಾಕ್ಟರು ಬೇರೆ ರೀತಿ ಮಾಡುತ್ತಾರೆ, ಪಾಪ, ಅವರಿಗೆ ಜಿಮ್ ಅನುಭವವಿಲ್ಲ. ಬೆಳಿಗ್ಗೆ 7ರಿಂದ 10ರೊಳಗೆ, ಖಾಲಿ ಹೊಟ್ಟೆಯಲ್ಲಿ, ಬೇರೆ ಬೇರೆ ಎರಡು ದಿನ ರಕ್ತ ತೆಗೆಸುತ್ತಾರೆ. ಎರಡೂ ಸಲ ಡೆಸಿಲೀಟರಿಗೆ 300 ನ್ಯಾನೊಗ್ರಾಂಗಿಂತ ಕೆಳಗಿದ್ದು, ಜೊತೆಗೆ ಕಾಮಾಸಕ್ತಿ ಕುಗ್ಗಿದ್ದು, ಬೆಳಗಿನ ನಿಮಿರುವಿಕೆ ನಿಂತಿದ್ದರೆ ಮಾತ್ರ ಮುಂದಿನ ಮಾತು. ಆಮೇಲೆ ಎಲ್‌ಎಚ್, ಎಫ್‌ಎಸ್‌ಎಚ್, ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನುಗಳನ್ನು ನೋಡುತ್ತಾರೆ, ಕೆಟ್ಟಿರುವುದು ವೃಷಣವೋ ಮೆದುಳಿನಡಿಯ ಪಿಟ್ಯುಟರಿಯೋ ತಿಳಿಯಲು. ಥೈರಾಯ್ಡನ್ನೂ ಬಿಡುವುದಿಲ್ಲ, ಯಾಕೆಂದರೆ ಅದು ಕೈಕೊಟ್ಟಾಗಲೂ ಮನಸ್ಸು ಹೀಗೇ ಜೋಲುತ್ತದೆ. ಹಾಗೆ ಕೊರತೆ ಖಚಿತವಾದವನಿಗೆ ಈ ಔಷಧ ನಿಜಕ್ಕೂ ಬೇಕು. ಬರೀ ಬೇಸರಕ್ಕೆ ಯಾರೂ ಇದನ್ನು ಬರೆದುಕೊಡುವುದಿಲ್ಲ.

ಈಗ ಸೂಜಿಯ ವಿಷಯ. ಡಾಕ್ಟರ ಲೆಕ್ಕ ವಾರಕ್ಕೆ 75ರಿಂದ 100 ಮಿಲಿಗ್ರಾಂ. ಕೋಚಿನದು ವಾರಕ್ಕೆ 500, "ಸುರುವಿಗೆ ಸಣ್ಣ ಡೋಸು." ಮೊದಲ ಮೂರು ದಿನ ಹುಡುಗ ಮಲಿಕ್-ಎ-ಮೈದಾನ್ ತೋಪಿನಂತೆ ಗರ್ಜಿಸುತ್ತಾನೆ. ಎರಡು ವಾರಕ್ಕೊಮ್ಮೆ ಚುಚ್ಚಿಸಿಕೊಳ್ಳುವವನಿಗಂತೂ ಹನ್ನೆರಡನೇ ದಿನಕ್ಕೆ ಔಷಧ ಇಳಿದು, ಮೊದಲಿಗಿಂತ ಹೆಚ್ಚು ಬೇಸರ, ಹೆಚ್ಚು ಸಿಟ್ಟು. "ನೋಡಿದ್ಯಾ? ನಿನಗ ಎಷ್ಟ್ ಕಡಿಮಿ ಇತ್ತಂತ!" ರೋಗ ಹುಟ್ಟಿಸಿದ ಔಷಧವೇ ರೋಗಕ್ಕೆ ಸಾಕ್ಷಿ ಹೇಳುವ ಈ ನ್ಯಾಯಾಲಯಕ್ಕೆ ಅಪೀಲಿಲ್ಲ.

ಒಳಗೆ ನಡೆಯುವುದು ನಮ್ಮ ಊರಿನವರಿಗೆ ಬೇಗ ಅರ್ಥವಾಗುತ್ತದೆ. ಓಣಿಗೆ ದಿನಾ ಟ್ಯಾಂಕರ್ ಬರತೊಡಗಿದರೆ ನೀರು ಬಿಡುವವನು ವಾಲ್ವ್ ತಿರುವುವುದನ್ನೇ ಬಿಡುತ್ತಾನೆ. ಹೊರಗಿನ ಹಾರ್ಮೋನು ಕಂಡ ಪಿಟ್ಯುಟರಿಯೂ ವೃಷಣಕ್ಕೆ ಕೆಲಸ ಹಚ್ಚುವ ಎಲ್‌ಎಚ್ ನಿಲ್ಲಿಸುತ್ತದೆ. ವೃಷಣ ಸುಕ್ಕುತ್ತದೆ, ಕೆಲವೇ ತಿಂಗಳಲ್ಲಿ ವೀರ್ಯಾಣು ಸೊನ್ನೆಯವರೆಗೂ ಇಳಿಯಬಹುದು. ಟ್ಯಾಂಕರ್ ನಿಂತ ಮೇಲೆ ನಲ್ಲಿ ಬರಲು ಆರು ತಿಂಗಳೂ ಆಗಬಹುದು, ವರ್ಷ ದಾಟಲೂಬಹುದು. ಇತ್ತ ರಕ್ತ ಕಾಕಂಬಿಯಂತೆ ದಪ್ಪಗಾಗುತ್ತದೆ. ಹೆಮಟೋಕ್ರಿಟ್, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು, ನೂರಕ್ಕೆ 54 ದಾಟಿದರೆ ಡಾಕ್ಟರು ಸೂಜಿ ನಿಲ್ಲಿಸುತ್ತಾರೆ. ಜಿಮ್ಮಿನಲ್ಲಿ ಹೆಮಟೋಕ್ರಿಟ್ ಅಂದರೆ ಹೊಸ ಪ್ರೊಟೀನ್ ಡಬ್ಬಿಯ ಹೆಸರೇ ಎಂದು ಕೇಳುತ್ತಾರೆ.

ಹೆಚ್ಚಾದ ಟೆಸ್ಟೊಸ್ಟೆರಾನ್‌ನಲ್ಲಿ ಒಂದು ಪಾಲು ಹೆಣ್ಣು ಹಾರ್ಮೋನಾದ ಈಸ್ಟ್ರೊಜನ್ ಆಗಿ ಎದೆ ಉಬ್ಬುತ್ತದೆ, ಸ್ನಾಯುವಿನಿಂದಲ್ಲ. ಅದಕ್ಕೆ ಕೋಚ್ ಕೊಡುವುದು ಸ್ತನ ಕ್ಯಾನ್ಸರಿನ ಮಾತ್ರೆ.

ಇಷ್ಟರ ಮಧ್ಯೆ 70 ಕೆಜಿಯ ಹುಡುಗ ದಿನಕ್ಕೆ ಸುಮಾರು 110 ಗ್ರಾಂ ಪ್ರೊಟೀನ್ ತಿಂದನೇ, ಏಳೆಂಟು ತಾಸು ಮಲಗಿದನೇ, ಆರು ವಾರಕ್ಕೊಮ್ಮೆ ಸೆಟ್ಟುಗಳನ್ನು ಅರ್ಧಕ್ಕಿಳಿಸಿ ಮೈಗೆ ಬಿಡುವು ಕೊಟ್ಟನೇ ಎಂದು ಕೇಳಿದವರಿಲ್ಲ. ಎರಡು ವಾರದಿಂದ ಬೇಸರ ಬಿಡದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಪುಕ್ಕಟೆ ಮಾತಾಡುತ್ತಾರೆ ಎಂದು ಹೇಳಿದವರೂ ಇಲ್ಲ. ಪುಕ್ಕಟೆಯಲ್ಲಿ ಕಮಿಷನ್ ಎಲ್ಲಿಂದ ಬರಬೇಕು?

ಮದುವೆಯಾಗಿ ಎರಡು ವರ್ಷದ ಮೇಲೆ ಹುಡುಗ ಸೊನ್ನೆ ಬರೆದ ರಿಪೋರ್ಟ್ ಹಿಡಿದು ಮತ್ತೆ ಜಿಮ್ಮಿಗೇ ಬರುತ್ತಾನೆ. ಕೋಚ್ ಸಾಹೇಬರು ಹುಬ್ಬೂ ಹಾರಿಸುವುದಿಲ್ಲ.

"ಅಂಜಬ್ಯಾಡ, ಇದಕ್ಕೂ ಒಂದು ಇಂಜೆಕ್ಷನ್ ಐತಿ. ಎಚ್‌ಸಿಜಿ ಅಂತ."

"ಏನದು ಅಣ್ಣಾ?"

"ಬಸುರಿ ಹೆಣ್ಮಕ್ಕಳ ಉಚ್ಚಿಯಿಂದ ತೆಗೀತಾರ."