ಮಿಸ್ಟರ್ ಬೀನ್‌ಗೆ ಓಂ ಶಾಂತಿ ಹೇಳೋ ಮುಂಚೆ

ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಇವತ್ತು ಬೆಳಿಗ್ಗೆ ಮಿಸ್ಟರ್ ಬೀನ್ ಮತ್ತೊಮ್ಮೆ ತೀರಿಕೊಂಡರು. ಕಪ್ಪು ಚೌಕಟ್ಟಿನ ಫೋಟೋ, ಪಕ್ಕದಲ್ಲಿ ದೀಪ, ಕೆಳಗೆ ‘ಒಂದು ಮಾತೂ ಆಡದೆ ಜಗತ್ತನ್ನೇ ನಗಿಸಿದ ಮಹಾನುಭಾವ’. ಹಿಂದೆಯೇ ಸಾಲಾಗಿ ಓಂ ಶಾಂತಿ. ಆ ಮನುಷ್ಯ ಬದುಕಿದ್ದಾರೆ ಮಾರಾಯ್ರೇ!

ಸಾಯಿಸಿದ್ದಕ್ಕೆ ನನಗೆ ಅಷ್ಟೇನೂ ಸಿಟ್ಟಿಲ್ಲ. ಈ ಸುಳ್ಳು ಸುದ್ದಿ ಆಗಾಗ ಸುತ್ತುತ್ತಲೇ ಇರುತ್ತದೆ. ಮೈ ಉರಿದದ್ದು ಆ ‘ಒಂದು ಮಾತೂ ಆಡದೆ’ ಅನ್ನೋದಕ್ಕೆ. ಬೀನ್ ಪಾತ್ರ ಮಾಡಿದ ರೋವನ್ ಅಟ್ಕಿನ್ಸನ್ ಮಾತಾಡದ ನಟನಾ? ಇಂಗ್ಲಿಷ್ ಟಿವಿಯಲ್ಲಿ ಅಷ್ಟು ಅಚ್ಚುಕಟ್ಟಾಗಿ, ಅಕ್ಷರ ಅಕ್ಷರ ಬಿಡಿಸಿ ಇನ್ನೊಬ್ಬರಿಗೆ ಬೈದವರನ್ನು ನಾನಂತೂ ನೋಡಿಲ್ಲ.

ಬೀನ್ ಸರಣಿ ಶುರುವಾಗಿದ್ದು 1990ರಲ್ಲಿ. ಒಟ್ಟು 15 ಕಂತು, ಅಷ್ಟೇ. ಕಾರ್ಟೂನು, ಸಿನಿಮಾ ಎಲ್ಲ ಆಮೇಲಿನವು. ಅದಕ್ಕೂ ಮುಂಚೆ, 1983ರಿಂದ 1989ರವರೆಗೆ, ಬಿಬಿಸಿಯಲ್ಲಿ ‘ಬ್ಲ್ಯಾಕ್‌ಆ್ಯಡರ್’ ಬಂದಿತ್ತು. ನಾಲ್ಕು ಸರಣಿ, ನಾಲ್ಕು ಬೇರೆ ಬೇರೆ ಕಾಲ. ಎಲ್ಲದರಲ್ಲೂ ಅಟ್ಕಿನ್ಸನ್ ಎಡ್ಮಂಡ್ ಅನ್ನೋ ಸ್ವಾರ್ಥಿ. ಕೊನೆಯದರಲ್ಲಿ ಮೊದಲ ಮಹಾಯುದ್ಧದ ಕಂದಕದಲ್ಲಿ ಕೂತ ಕ್ಯಾಪ್ಟನ್. ಸಾಯೋದು ತಪ್ಪಿಸಿಕೊಳ್ಳೋಕೆ ಹುಚ್ಚನ ನಾಟಕ ಆಡುತ್ತಾನೆ. ತಲೆ ಮೇಲೆ ಚಡ್ಡಿ, ಮೂಗಿನಲ್ಲಿ ಎರಡು ಪೆನ್ಸಿಲ್. ಅದೂ ಫಲಿಸೋದಿಲ್ಲ. ಸೀಟಿ ಊದುತ್ತಾರೆ, ಎಲ್ಲರೂ ಗುಂಡಿನ ಮಳೆಗೆ ಏರಿ ಹೋಗುತ್ತಾರೆ, ಆ ನೆಲವೇ ಗಸಗಸೆ ಹೂವಿನ (ಅಲ್ಲಿ ಯುದ್ಧದಲ್ಲಿ ಸತ್ತವರ ನೆನಪಿನ ಹೂವು) ಹೊಲ ಆಗಿಬಿಡುತ್ತದೆ. ಹಾಸ್ಯ ಧಾರಾವಾಹಿ ಮುಗಿದದ್ದು ಹೀಗೆ. ಇದನ್ನು ಮಾಡಿದವರನ್ನು ನೀವು ಟೆಡ್ಡಿ ಕರಡಿ ಮಾಮಾ ಅಂತೀರಿ.

‘ಮಾತಿಲ್ಲ ಅಂತಲೇ ಬೀನ್ ನಮ್ಮೂರಿನವರೆಗೂ ಬಂತು’ ಅಂತ ಭಾವ ಅಲ್ಲೇ ಉತ್ತರ ಕೊಟ್ಟರು. ಸರಿ ಭಾವ, ಒಪ್ಪಿದೆ. ಬಂದು ಮೂವತ್ತು ವರ್ಷ ಆಯ್ತಲ್ಲ, ಇನ್ನೂ ಬಾಗಿಲಲ್ಲೇ ನಿಂತಿರಬೇಕಾ? ಈಗ ಸಬ್‌ಟೈಟಲ್ ಇದೆ, ಫೋನಿನಲ್ಲಿ ಡೇಟಾ ಇದೆ. ನೋಡೋ ಮನಸ್ಸಿಲ್ಲ ಅಂತ ಹೇಳಿ, ಜಗಳವೇ ಇಲ್ಲ.

ನನಗೆ ಇಷ್ಟು ಚುಚ್ಚೋದಕ್ಕೆ ಇನ್ನೊಂದು ಕಾರಣ ಇದೆ. ಹಳೇ ಸ್ನೇಹಿತರಿಗೆ ಗೊತ್ತು, ಶಾಲೆಯಲ್ಲಿ ನನಗೆ ಉಗ್ಗು. ಹಾಜರಿ ಕೂಗಿದಾಗ ‘ಪ್ರೆಸೆಂಟ್ ಸಾರ್’ನ ಆ ‘ಪ’ ಹೊರಗೆ ಬರೋ ಹೊತ್ತಿಗೆ ಸಾರ್ ಮುಂದಿನ ಇಬ್ಬರ ಹೆಸರು ಮುಗಿಸಿರುತ್ತಿದ್ದರು. ಅಟ್ಕಿನ್ಸನ್‌ಗೂ ಉಗ್ಗು. ತಾನಲ್ಲದ ಇನ್ನೊಬ್ಬನ ವೇಷ ಹಾಕಿದಾಗ ಅದು ಹೋಗಿಬಿಡುತ್ತದೆ ಅಂತ ಅವರೇ ಹೇಳಿದ್ದಾರೆ. ‘ಬ’ ಅವರಿಗೆ ಕಷ್ಟದ ಅಕ್ಷರ. ಬ್ಲ್ಯಾಕ್‌ಆ್ಯಡರ್ ಎರಡನೇ ಸರಣಿಯಲ್ಲಿ ಗಂಡುವೇಷದ ಹುಡುಗಿಯೊಬ್ಬಳು ತನ್ನ ಹೆಸರು ಬಾಬ್ ಅನ್ನುತ್ತಾಳೆ. ಆ ಹೆಸರನ್ನು ಇವರು ಹೇಳೋದು ಕೇಳಿ. ತುಟಿ ಬಿಗಿಹಿಡಿದು, ಒಂದು ಕ್ಷಣ ತಡೆದು, ಪಟಾರನೆ ‘ಬಾಬ್!’ ಜನ ಬಿದ್ದು ಬಿದ್ದು ನಗುತ್ತಾರೆ. ನನಗೆ ನಗುವಿನ ಜೊತೆ ಹೊಟ್ಟೆಕಿಚ್ಚೂ ಆಗುತ್ತದೆ.

ಮಾತು ಬೇಡ, ಸುಮ್ನಿರೋದೇ ಬೇಕು ಅನ್ನೋರಿಗೂ ಬೀನ್ ಒಂದೇ ಗತಿ ಅಲ್ಲ. 2016 ಮತ್ತು 2017ರಲ್ಲಿ ಬ್ರಿಟನ್ನಿನ ಐಟಿವಿ ಚಾನೆಲ್ಲಿಗೆ ನಾಲ್ಕು ‘ಮೇಗ್ರೆ’ ಚಿತ್ರ ಮಾಡಿದರು. ಪೈಪ್ ಕಚ್ಚಿಕೊಂಡ ಪ್ಯಾರಿಸ್ ಪೊಲೀಸ್. ಹುಬ್ಬು ಕೂಡ ಕುಣಿಸೋದಿಲ್ಲ. ನಾಲ್ಕಕ್ಕೇ ನಿಲ್ಲಿಸಿಬಿಟ್ಟರು, ಪಾಪ. 2023ರ ‘ವೊಂಕಾ’ದಲ್ಲಿ ಚಾಕೊಲೇಟಿಗೆ ಮಾರಿಕೊಂಡ ಪಾದ್ರಿ. ಅಂದಹಾಗೆ ಓದಿದ್ದು ಎಲೆಕ್ಟ್ರಿಕಲ್ ಇಂಜಿನಿಯರಿಂಗ್, ಅದೂ ಆಕ್ಸ್‌ಫರ್ಡಿನಲ್ಲಿ ಎಂಎಸ್ಸಿ. ನಮ್ಮ ಕುಟುಂಬದಲ್ಲಿ ಬರೀ ಇದಕ್ಕೇ ಮರ್ಯಾದೆ ಸಿಗಬೇಕಿತ್ತು.

ಬ್ಲ್ಯಾಕ್‌ಆ್ಯಡರ್ ನೋಡೋದಾದ್ರೆ ಎರಡನೇ ಸರಣಿಯಿಂದ ಶುರು ಮಾಡಿ. ಮೊದಲನೆಯದರಲ್ಲಿ ಎಡ್ಮಂಡ್ ಪೆದ್ದ, ಸೇವಕ ಬಾಲ್ಡ್ರಿಕ್ ಚುರುಕು. ಎರಡರಲ್ಲಿ ಬೆನ್ ಎಲ್ಟನ್ ಬರೆಯೋಕೆ ಬಂದ ಮೇಲೆ ಇಬ್ಬರ ಬುದ್ಧಿ ಅದಲುಬದಲಾಯಿತು, ಆಟ ಕಳೆಗಟ್ಟಿದ್ದು ಆಗ. ಭಾವ, ಲಿಂಕ್ ಕೇಳಬೇಡಿ. ಓಂ ಶಾಂತಿ ಹುಡುಕಿದ ಕಡೆಯೇ ಹುಡುಕಿ.