ಪಿಯು ಸೇರುವ ಮುನ್ನ ಮಕ್ಕಳ ಗುಣ ಅಳೆಯಬೇಕಾ?

ಪರ

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ವಾರ ನಮ್ಮ ತೀರ್ಥಹಳ್ಳಿ ಕಡೆ ಮನೆಮನೆಯಲ್ಲೂ ಇನ್ನೊಂದು ಪರೀಕ್ಷೆ ನಡೆಯುತ್ತದೆ. 'ಮಾಣಿ ಮಾತೇ ಆಡಲ್ಲ, ಸೈನ್ಸಿಗೆ ಹಾಕಿ' ಅಂತಾರೆ ದೊಡ್ಡಪ್ಪ. 'ಹುಡುಗಿ ವಾಚಾಳಿ, ಲಾಯರ್ ಆಗ್ಲಿ' ಅಂತಾರೆ ಅತ್ತೆ. ಇದೂ ಗುಣ ಅಳೆಯುವುದೇ, ಅಲ್ವಾ? ಮಕ್ಕಳನ್ನು ಮಾತ್ರ ಯಾರೂ ಕೇಳಿರುವುದಿಲ್ಲ.

ಮನಶ್ಶಾಸ್ತ್ರದವರ ಐದು ಗುಣಗಳ ಪರೀಕ್ಷೆ ಅವರನ್ನೇ ಕೇಳುತ್ತದೆ. ಹೊಸತರ ಬಗ್ಗೆ ಕುತೂಹಲ, ಅಚ್ಚುಕಟ್ಟು, ಜನರೊಡನೆ ಬೆರೆಯುವುದು, ಹೊಂದಿಕೊಳ್ಳುವುದು, ಬೇಗ ಕಳವಳಪಡುವುದು: ಇವು ಆ ಐದು. ಇದು ಮಳೆ ಅಳೆದ ಹಾಗೆ. ಆಗುಂಬೆಯಲ್ಲೂ ಮಳೆ ಬರುತ್ತದೆ, ಶಿಕಾರಿಪುರದಲ್ಲೂ ಬರುತ್ತದೆ. ಎಷ್ಟು ಅನ್ನುವುದಷ್ಟೇ ಲೆಕ್ಕ. ಇವನು ಮೌನಿ, ಇವಳು ಮಾತುಗಾತಿ ಅಂತ ಎರಡು ಡಬ್ಬಿ ಇಲ್ಲ. ಅಚ್ಚುಕಟ್ಟು ಜಾಸ್ತಿ ಇರುವವರು ಓದಿನಲ್ಲೂ ಸ್ವಲ್ಪ ಮುಂದಿರುವುದು ಅನೇಕ ಅಧ್ಯಯನಗಳಲ್ಲಿ ಕಂಡಿದೆ. ಯಾವ ಕೋರ್ಸ್ ಅಂತ ಪರೀಕ್ಷೆ ಹೇಳಬೇಕಿಲ್ಲ. ದೊಡ್ಡಪ್ಪನ ಎದುರು ಬಾಯಿ ಬಿಡಲು ಒಂದು ನೆವ ಸಿಕ್ಕರೂ ಸಾಕು.

ವಿರೋಧ

ದೊಡ್ಡಪ್ಪನ ವಿಷಯದಲ್ಲಿ ನನ್ನದೂ ತಕರಾರಿಲ್ಲ. ಆದರೆ ಆ ಐದು ಗುಣ ಬಂದದ್ದೆಲ್ಲಿಂದ? 1936ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಆಲ್‌ಪೋರ್ಟ್ ಮತ್ತು ಆಡ್‌ಬರ್ಟ್ ಇಂಗ್ಲಿಷ್ ನಿಘಂಟಿನಿಂದ ಸ್ವಭಾವ ಹೇಳುವ ಸುಮಾರು 18,000 ಪದ ಹೆಕ್ಕಿದರು. ಮುಂದಿನವರು ಅದನ್ನು ಸೋಸಿ ಸೋಸಿ ಐದಕ್ಕೆ ಇಳಿಸಿದರು. ಕನ್ನಡದ ಪದಗಳಿಂದ ಶುರು ಮಾಡಿದ್ದರೆ? 'ದಾಕ್ಷಿಣ್ಯ'ವನ್ನು ಎಲ್ಲಿ ಕೂರಿಸುವುದು? ಹೊಟ್ಟೆ ತುಂಬಿದ್ದರೂ ನೆಂಟರ ಮನೆಯಲ್ಲಿ ಇನ್ನೆರಡು ಕಡುಬು ತಿನ್ನಿಸುವ ಗುಣ ಅದು. ಹೊಂದಾಣಿಕೆಯಾ, ಸಂಕೋಚವಾ, ಹೆದರಿಕೆಯಾ? ಮೂರೂ ಸ್ವಲ್ಪ ಸ್ವಲ್ಪ. ನನ್ನನ್ನು ಕೇಳಿದರೆ, ಮಲೆನಾಡಿನ ಅರ್ಧ ತೀರ್ಮಾನಗಳು ಆಗುವುದೇ ದಾಕ್ಷಿಣ್ಯಕ್ಕೆ. ಕೋರ್ಸ್ ಆರಿಸುವುದೂ ಸೇರಿ.

ಬಳಕೆಯಲ್ಲಿರುವ ಒಂದು ಪ್ರಶ್ನೆಪಟ್ಟಿಯಲ್ಲಿ 'ಪಾರ್ಟಿಗೆ ಕಳೆ ತರುವುದು ನಾನೇ' ಅನ್ನುವ ಅರ್ಥದ ಸಾಲಿದೆ. ನಮ್ಮ ಹುಡುಗರು ಮೊದಲು ಕೇಳುವುದು, 'ಯಾವ ಪಾರ್ಟಿ?' ಸರಿ, ಮದುವೆಮನೆ ಅಂತ ಬದಲಿಸೋಣ. ಪಂಕ್ತಿಯಲ್ಲಿ ಎಲ್ಲರನ್ನೂ ನಗಿಸುತ್ತ ಬಡಿಸುವ ಹುಡುಗ ತರಗತಿಯಲ್ಲಿ ತುಟಿ ಬಿಚ್ಚದಿರಬಹುದು. ಹಾಗಾಗಿ ಪಟ್ಟಿಯನ್ನು ಕನ್ನಡಕ್ಕೆ ತಂದರೆ ಮುಗಿಯಲಿಲ್ಲ, ಇಲ್ಲಿನ ಮಕ್ಕಳಲ್ಲಿ ಅದು ಸರಿ ಹೊಂದುತ್ತದಾ ಅಂತ ಮತ್ತೆ ನೋಡಬೇಕು. ದಕ್ಷಿಣ ಅಮೆರಿಕದ ಬೊಲಿವಿಯಾದಲ್ಲಿ ಬೇಟೆ, ಬೇಸಾಯ ಮಾಡಿಕೊಂಡಿರುವ ತ್ಸಿಮಾನೆ ಜನರಲ್ಲಿ ಸಂಶೋಧಕರು ಹಾಗೆ ನೋಡಿದರು. ಐದು ಗುಣ ಸರಿಯಾಗಿ ಮೂಡಲೇ ಇಲ್ಲ ಅಂತ 2013ರಲ್ಲಿ ಬರೆದರು.

ಇನ್ನು 'ಕೆಲಸ ಅರ್ಧಕ್ಕೆ ಬಿಡುತ್ತೇನೆ' ಅನ್ನುವ ಸಾಲಿಗೆ, ಅಪ್ಪ ಪಕ್ಕದಲ್ಲೇ ಕೂತಿರುವಾಗ, ಯಾವ ಮಗ ಹೌದು ಅಂತ ಗುರುತು ಹಾಕುತ್ತಾನೆ? ಬರಿಗೈಲಿ ಬಂದ ದೊಡ್ಡಪ್ಪನ ಜೊತೆಗಾದರೂ ವಾದ ಮಾಡಬಹುದು. ಅಂಕ ಹಾಕಿದ ಹಾಳೆ ಹಿಡಿದುಕೊಂಡು ಬಂದರೆ?